ಆಫ್ರಿಕಾ ಕುರಿತು ಎಂಎ, ಪಿಎಚ್‌ಡಿ: ಅಲ್ಲಿ ನಿಜಕ್ಕೂ ಓದುವುದೇನು?

ಆಫ್ರಿಕನ್ ಸ್ಟಡೀಸ್ ಎಂಎ ಸಿಲಬಸ್ ಮೊದಲ ಸಲ ಕೈಗೆ ಬಂದಾಗ ಯಾರಿಗಾದರೂ ಗೊಂದಲ ಆಗುತ್ತದೆ. ಒಂದು ಪೇಪರ್ ಇತಿಹಾಸ, ಇನ್ನೊಂದು ರಾಜಕೀಯ, ಮತ್ತೊಂದು ಸಾಹಿತ್ಯ, ಮಗದೊಂದು ಅರ್ಥಶಾಸ್ತ್ರ. ಜೊತೆಗೆ ಪೂರ್ವ ಆಫ್ರಿಕಾದ ಭಾಷೆ ಸ್ವಾಹಿಲಿಯ ಪಾಠ. ಇದರಲ್ಲಿ ಆಫ್ರಿಕಾ ಎಲ್ಲಿದೆ ಅಂತ ಹುಡುಕಬೇಕು!

ಗೊಂದಲಕ್ಕೆ ಕಾರಣ ಇದೆ. ಆಫ್ರಿಕನ್ ಸ್ಟಡೀಸ್ ಅನ್ನುವುದು ಒಂದು ಶಾಸ್ತ್ರವಲ್ಲ, ಅದು ಒಂದು ಜಾಗದ ಹೆಸರು. ಶಾಸ್ತ್ರವನ್ನು ನೀವೇ ತರಬೇಕು. ಇತಿಹಾಸಕಾರರಾಗಿ ಬನ್ನಿ, ಸಮಾಜಶಾಸ್ತ್ರದಿಂದ ಬನ್ನಿ, ಭಾಷಾವಿಜ್ಞಾನದಿಂದ ಬನ್ನಿ. ಬಂದಮೇಲೆ ಪೂರ್ತಿ ಆಫ್ರಿಕಾ ಓದುತ್ತೀನಿ ಅನ್ನುವ ಆಸೆ ಬಿಡಬೇಕು. 54 ದೇಶ, ಸುಮಾರು 3 ಕೋಟಿ ಚದರ ಕಿಲೋಮೀಟರ್ ನೆಲ, ಎರಡು ಸಾವಿರದ ಆಸುಪಾಸು ಭಾಷೆಗಳು. ಭಾರತದಂಥ ಒಂಬತ್ತು ದೇಶ ಅದರೊಳಗೆ ಹಿಡಿಸುತ್ತವೆ. ಇಷ್ಟನ್ನು ಯಾರೂ ಓದಿ ಮುಗಿಸಿಲ್ಲ. ಹಾಗಾಗಿ ಒಳ್ಳೆಯ ಪ್ರಬಂಧದ ವಿಷಯ ಚಿಕ್ಕದಾಗಿರುತ್ತದೆ. 1947ರ ಜನವರಿಯಲ್ಲಿ ಕೆನ್ಯಾದ ಮೊಂಬಾಸಾದಲ್ಲಿ ಬಂದರಿನ ಕೂಲಿಕಾರರು ಕೆಲಸ ನಿಲ್ಲಿಸಿದರು, ಊರಿಗೆ ಊರೇ ಸ್ತಬ್ಧವಾಯಿತು. ಆ ಒಂದು ಮುಷ್ಕರ ಸಾಕು, ಒಂದು ಪಿಎಚ್‌ಡಿ ಆಗುತ್ತದೆ. 'ಆಫ್ರಿಕಾದಲ್ಲಿ ಬಡತನ' ಅಂತ ಶೀರ್ಷಿಕೆ ಇಟ್ಟುಕೊಂಡು ಹೋದರೆ ಯಾವ ಗೈಡ್ ಕೂಡ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹಾಗಾದರೆ ಡಿಗ್ರಿಗೂ ಸ್ನಾತಕೋತ್ತರಕ್ಕೂ ಇರುವ ವ್ಯತ್ಯಾಸ ಇಷ್ಟೇನಾ, ವಿಷಯ ಚಿಕ್ಕದಾಗುವುದು? ಅಲ್ಲ. ಡಿಗ್ರಿಯಲ್ಲಿ ಏನಾಯಿತು ಅಂತ ಕಲಿಯುತ್ತೀರಿ. ಎಂಎಗೆ ಬಂದರೆ, ಅದು ಹಾಗಾಯಿತು ಅಂತ ಹೇಳಿದವರು ಯಾರು, ಬರೆದುಕೊಂಡವರು ಯಾರು, ಆ ಕಾಗದ ಈಗ ಯಾರ ಬೀರುವಿನಲ್ಲಿದೆ ಅಂತ ಕೇಳಲು ಕಲಿಯುತ್ತೀರಿ. ಎಲ್ಲ ದೇಶದ ಇತಿಹಾಸಕ್ಕೂ ಈ ಪ್ರಶ್ನೆ ಬೇಕು. ಆದರೆ ಆಫ್ರಿಕಾದ ವಿಷಯದಲ್ಲಿ ಇದನ್ನು ಬಿಟ್ಟರೆ ಒಂದು ಹೆಜ್ಜೆಯೂ ಮುಂದಿಡಲಾಗದು. ಯಾಕೆ ಅಂತ ಮೂರು ಪ್ರಸಂಗ ನೋಡೋಣ.

ಮೊದಲನೆಯದು ಅಂಕಿಸಂಖ್ಯೆಯದ್ದು. 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಜಿಡಿಪಿ ಲೆಕ್ಕವನ್ನು ಹೊಸದಾಗಿ ಮಾಡಿತು. 2013ರ ಜಿಡಿಪಿ ಸುಮಾರು 51 ಸಾವಿರ ಕೋಟಿ ಡಾಲರ್ ಅಂತ ಬಂತು. ಹಳೆಯ ಲೆಕ್ಕಕ್ಕಿಂತ ಇದು ಶೇ. 89ರಷ್ಟು ಜಾಸ್ತಿ. ಹಿಂದಿನ ದಿನದವರೆಗೆ ಆಫ್ರಿಕಾದ ಅತಿ ದೊಡ್ಡ ಆರ್ಥಿಕತೆ ದಕ್ಷಿಣ ಆಫ್ರಿಕಾದ್ದು. ಮರುದಿನ ನೈಜೀರಿಯಾದ್ದು. ರಾತ್ರೋರಾತ್ರಿ ಯಾವ ಕಾರ್ಖಾನೆಯೂ ಏಳಲಿಲ್ಲ, ಒಬ್ಬ ರೈತನ ಜೇಬಿಗೂ ಹೆಚ್ಚಿಗೆ ದುಡ್ಡು ಬರಲಿಲ್ಲ.

ಆಗಿದ್ದಿಷ್ಟು. ಹಳೆಯ ಲೆಕ್ಕ 1990ನ್ನು ಆಧಾರ ವರ್ಷವಾಗಿ ಇಟ್ಟುಕೊಂಡಿತ್ತು, ಅಂದರೆ ಯಾವ ಉದ್ಯಮಕ್ಕೆ ಎಷ್ಟು ತೂಕ ಅನ್ನುವುದು ಆ ವರ್ಷದ ಚಿತ್ರದ ಮೇಲೆ ನಿಂತಿತ್ತು. 1990ರಲ್ಲಿ ಅಲ್ಲಿ ಮೊಬೈಲ್ ಫೋನ್ ಇರಲಿಲ್ಲ. ನಾಲಿವುಡ್ ಅನ್ನುವ ಸಿನಿಮಾ ಉದ್ಯಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಇವೆಲ್ಲ ಬೆಳೆದು ದೊಡ್ಡದಾದರೂ ಸರ್ಕಾರಿ ಲೆಕ್ಕದಲ್ಲಿ ಅವಕ್ಕೆ ಸಿಗಬೇಕಾದ ಜಾಗ ಸಿಕ್ಕಿರಲಿಲ್ಲ. ಆಧಾರ ವರ್ಷವನ್ನು 2010ಕ್ಕೆ ತಂದಾಗ ಅವು ಕಾಣಿಸಿಕೊಂಡವು. ಘಾನಾದಲ್ಲಿ 2010ರಲ್ಲೇ ಹೀಗಾಗಿತ್ತು. ಅಲ್ಲಿ ಜಿಡಿಪಿ ಶೇ. 60ಕ್ಕೂ ಹೆಚ್ಚು ಏರಿ, ದೇಶ 'ಕಡಿಮೆ ಆದಾಯ'ದ ಪಟ್ಟಿಯಿಂದ ಮೇಲಿನ ಪಟ್ಟಿಗೆ ಜಿಗಿಯಿತು.

ಇನ್ನೂ ಒಂದು ಪದರ ಕೆಳಗಿಳಿಯಿರಿ. ತಲಾ ಆದಾಯ ಬೇಕಾದರೆ ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸಬೇಕು ಅಲ್ವಾ? ನೈಜೀರಿಯಾದಲ್ಲಿ ಕೊನೆಯ ಜನಗಣತಿ ಆಗಿದ್ದು 2006ರಲ್ಲಿ. ಅಲ್ಲಿ ಜನಗಣತಿ ಅಂದರೆ ಜಗಳದ ಮಾತು. ಯಾವ ಭಾಗದಲ್ಲಿ ಎಷ್ಟು ತಲೆ ಅನ್ನುವುದರ ಮೇಲೆ ಸಂಸತ್ತಿನ ಸೀಟು, ಕೇಂದ್ರದಿಂದ ಬರುವ ಹಣ ನಿಂತಿರುತ್ತವೆ. 1962ರ ಗಣತಿಯನ್ನು ಉತ್ತರ ಮತ್ತು ದಕ್ಷಿಣದ ಕಿತ್ತಾಟದಲ್ಲಿ ರದ್ದು ಮಾಡಿ ಮರುವರ್ಷ ಮತ್ತೆ ಎಣಿಸಿದರು, ಅದಕ್ಕೂ ತಕರಾರು ಬಂತು. ಇವತ್ತು ನೈಜೀರಿಯಾದ ಜನಸಂಖ್ಯೆ 20 ಕೋಟಿ ದಾಟಿದೆ ಅನ್ನುವುದೂ ಅಂದಾಜೇ. ಅಂದರೆ ಗೆರೆಯ ಮೇಲಿನ ಅಂಕಿಯೂ ಅಲ್ಲಾಡುತ್ತದೆ, ಕೆಳಗಿನದ್ದೂ ಅಲ್ಲಾಡುತ್ತದೆ. ಎಂಎ ವಿದ್ಯಾರ್ಥಿ ವಿಶ್ವಬ್ಯಾಂಕಿನ ಟೇಬಲ್‌ನಿಂದ ಒಂದು ಸಾಲು ಕಾಪಿ ಮಾಡಿ 'ನೈಜೀರಿಯಾದ ತಲಾ ಆದಾಯ ಇಷ್ಟು' ಅಂತ ಬರೆದರೆ ಪಕ್ಕದಲ್ಲಿ ಕೆಂಪು ಗೆರೆ ಬೀಳುವುದು ಇದಕ್ಕೇ. ಸುಮ್ನೆ ಬೈಯಲು ಅಲ್ಲ.

ಎರಡನೆಯ ಪ್ರಸಂಗ ಉಗಾಂಡಾದ್ದು. ಬುನ್ಯೋರೋ ರಾಜ ಒಲಿಮಿ ಪಕ್ಕದ ಅಂಕೋಲೆ ರಾಜ್ಯದ ಮೇಲೆ ದಂಡೆತ್ತಿ ಹೋಗಿ ದನಗಳನ್ನೆಲ್ಲ ಹೊಡೆದುಕೊಂಡು ಹೊರಟಿದ್ದನಂತೆ. ಬಿಹಾರ್ವೆ ಅನ್ನುವ ಕಡೆ ಬಂದಾಗ ಹಾಡುಹಗಲೇ ಸೂರ್ಯ ಮಾಯವಾದ. ಹೆದರಿದ ಒಲಿಮಿ ದನಗಳನ್ನು ಅಲ್ಲೇ ಬಿಟ್ಟು ಓಡಿಹೋದ. ಇದು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಕಥೆ. ಖಗೋಳದ ಲೆಕ್ಕ ಹಾಕಿದವರು ಅದನ್ನು 1520ರ ಏಪ್ರಿಲ್ 17ರ ಪೂರ್ಣ ಸೂರ್ಯಗ್ರಹಣಕ್ಕೆ ಹೊಂದಿಸಿದರು. ಬರವಣಿಗೆ ಇಲ್ಲದ ಕಾಲಕ್ಕೆ ಒಂದು ಖಚಿತ ತಾರೀಕು ಸಿಕ್ಕಿಬಿಟ್ಟಿತು! ಬಿಹಾರ್ವೆಯಲ್ಲಿ ಈಗ ಸ್ಮಾರಕವೂ ಇದೆ.

ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ಸ್ನಾತಕೋತ್ತರ ತರಗತಿ ಇಲ್ಲಿಂದ ಶುರುವಾಗುತ್ತದೆ. ಆ ಸೀಮೆಯಲ್ಲಿ ಕಂಡ ಗ್ರಹಣ ಅದೊಂದೇ ಅಲ್ಲವಲ್ಲ, ಇದನ್ನೇ ಯಾಕೆ ಆರಿಸಿದರು? ರಾಜರ ಪಟ್ಟಿಯಲ್ಲಿ ಒಲಿಮಿ ಎಷ್ಟನೆಯವನು, ಒಂದು ತಲೆಮಾರಿಗೆ ಎಷ್ಟು ವರ್ಷ ಹಿಡಿಯಬೇಕು ಅಂತ ಲೆಕ್ಕ ಹಾಕಿ ಆರಿಸಿದರು. ಹಾಗಾದರೆ ಆ ಪಟ್ಟಿ ಎಷ್ಟು ಗಟ್ಟಿ? ಡೇವಿಡ್ ಹೆನಿಗೆ ಎಂಬ ಇತಿಹಾಸಕಾರ 1970ರ ದಶಕದಿಂದ ಇದರ ಬೆನ್ನು ಹತ್ತಿದರು. 19ನೇ ಶತಮಾನದಲ್ಲಿ ಬಂದ ಪ್ರವಾಸಿಗರು ಬರೆದುಕೊಂಡ ರಾಜರ ಪಟ್ಟಿಗಳಿಗಿಂತ ಆಮೇಲೆ ಅಚ್ಚಾದ ಪಟ್ಟಿಗಳು ಉದ್ದವಾಗಿವೆ ಅಂತ ತೋರಿಸಿದರು. ಕಾಲ ಕಳೆದಂತೆ ನೆನಪು ಕಮ್ಮಿಯಾಗಬೇಕು, ಇಲ್ಲಿ ಜಾಸ್ತಿಯಾಗಿದೆ!

ಇದರ ಹಿಂದೆ ರಾಜಕೀಯ ಇತ್ತು. 1890ರ ದಶಕದಲ್ಲಿ ಬ್ರಿಟಿಷರು ಬುನ್ಯೋರೋದ ಕೆಲವು ಜಿಲ್ಲೆಗಳನ್ನು ಕಿತ್ತು, ತಮ್ಮ ಪರ ಇದ್ದ ಬುಗಾಂಡಾ ರಾಜ್ಯಕ್ಕೆ ಕೊಟ್ಟಿದ್ದರು. ನಮ್ಮ ವಂಶ ಹಳೆಯದು, ನಿಮ್ಮದಕ್ಕಿಂತ ಉದ್ದ ಅಂತ ತೋರಿಸಿಕೊಳ್ಳುವ ಅಗತ್ಯ ಎರಡೂ ಕಡೆ ಇತ್ತು. ಆ ಗಡಿ ಜಗಳಕ್ಕೆ ಜನಮತಗಣನೆ ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ, 1964ರಲ್ಲಿ. ಬೆಳಗಾವಿಯ ವಿಷಯ ಬಂದಾಗಲೆಲ್ಲ ಶಾಸನಗಳ ಮಾತು ಎದ್ದುಬರುವುದನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಬಾಯಿಮಾತಿನ ಚರಿತ್ರೆಯೆಲ್ಲ ಕಟ್ಟುಕಥೆ ಅಂತಲ್ಲ. ಬೆಲ್ಜಿಯಂನ ಯಾನ್ ವಾನ್ಸಿನಾ 1961ರಲ್ಲಿ ಮೌಖಿಕ ಪರಂಪರೆಯನ್ನು ಆಕರವಾಗಿ ಬಳಸುವ ಕ್ರಮವನ್ನು ಪುಸ್ತಕವಾಗಿ ಬರೆದರು. ಕೆನ್ಯಾದ ಬೆತ್‌ವೆಲ್ ಒಗೊಟ್ ತಮ್ಮದೇ ಲುವೋ ಜನರ ವಲಸೆಯ ಚರಿತ್ರೆಯನ್ನು ಹಿರಿಯರ ಮಾತುಗಳಿಂದ ಕಟ್ಟಿದರು. ಹೇಳುವವರು ಯಾರು, ಯಾರೆದುರು ಹೇಳಿದರು, ಪಕ್ಕದ ಕುಲದವರು ಅದನ್ನೇ ಹೇಗೆ ಹೇಳುತ್ತಾರೆ ಅಂತ ಒಂದಕ್ಕೊಂದು ತಾಳೆ ನೋಡುವುದೇ ಆ ಕೆಲಸ.

ಮೂರನೆಯದು ಕಾಗದದ ಪ್ರಸಂಗ. ಬಾಯಿಮಾತಿಗಿಂತ ದಾಖಲೆ ಮೇಲು ಅಂತ ನಂಬಿದವರಿಗೆ ಇದು ಒಳ್ಳೆಯ ಪೆಟ್ಟು. 1950ರ ದಶಕದಲ್ಲಿ ಕೆನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಮಾವ್ ಮಾವ್ ದಂಗೆ ನಡೆಯಿತು. ಬ್ರಿಟಿಷರು ಅಲ್ಲಿನ ಕಿಕುಯು ಜನಾಂಗದ ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಅಲ್ಲಿ ನಡೆದ ಚಿತ್ರಹಿಂಸೆಯ ಬಗ್ಗೆ ಬದುಕುಳಿದವರು ಹೇಳುತ್ತಲೇ ಬಂದರು. ಕ್ಯಾರೊಲಿನ್ ಎಲ್ಕಿನ್ಸ್ ಎಂಬ ಇತಿಹಾಸಕಾರ್ತಿ 2005ರಲ್ಲಿ ಅಂಥವರ ಮಾತುಗಳನ್ನು ಬಳಸಿ ಪುಸ್ತಕ ತಂದಾಗ, ಬಾಯಿಮಾತನ್ನು ಅತಿಯಾಗಿ ನಂಬಿದ್ದಾರೆ ಅಂತ ಟೀಕೆ ಬಂತು.

2009ರಲ್ಲಿ ಕೆನ್ಯಾದ ಕೆಲವು ವೃದ್ಧರು ಲಂಡನ್ ಹೈಕೋರ್ಟಿನಲ್ಲಿ ಬ್ರಿಟಿಷ್ ಸರ್ಕಾರದ ಮೇಲೆ ಕೇಸು ಹಾಕಿದರು. ಎಲ್ಕಿನ್ಸ್, ಡೇವಿಡ್ ಆಂಡರ್ಸನ್, ಹ್ಯೂ ಬೆನೆಟ್ ಎಂಬ ಮೂವರು ಇತಿಹಾಸಕಾರರು ಅವರ ಪರ ತಜ್ಞರಾಗಿ ನಿಂತರು. ಇರಬೇಕಾದ ಕಡತಗಳು ಎಲ್ಲಿ ಅನ್ನುವ ಪ್ರಶ್ನೆ ಎದ್ದಿತು. 2011ರಲ್ಲಿ ವಿದೇಶಾಂಗ ಇಲಾಖೆ ಒಪ್ಪಿಕೊಳ್ಳಲೇಬೇಕಾಯಿತು: ಬಕಿಂಗ್‌ಹ್ಯಾಮ್‌ಶೈರ್‌ನ ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಬಿಗಿ ಕಾವಲಿನ ಸರ್ಕಾರಿ ಆವರಣದಲ್ಲಿ ಕೆನ್ಯಾದ್ದು ಮಾತ್ರವಲ್ಲ, 37 ಹಳೆಯ ವಸಾಹತುಗಳ ಸುಮಾರು 8,800 ಕಡತಗಳು ಬಚ್ಚಿಟ್ಟಿದ್ದವು. ಸ್ವಾತಂತ್ರ್ಯ ಕೊಡುವ ಮುಂಚೆ, ಸರ್ಕಾರಕ್ಕೆ ಮುಜುಗರ ತರುವ ಕಾಗದಗಳನ್ನು ಒಂದೋ ಸುಡಿ, ಇಲ್ಲ ಲಂಡನ್ನಿಗೆ ಕಳಿಸಿ ಅಂತ ಆದೇಶ ಹೋಗಿತ್ತು. ಸುಟ್ಟಿದ್ದು ಸುಟ್ಟಿತು, ಉಳಿದದ್ದು ಇಲ್ಲಿತ್ತು. ಆ ಅಜ್ಜ ಅಜ್ಜಿಯರ ಮಾತಿಗೆ ಅದರಲ್ಲಿ ಬಲ ಸಿಕ್ಕಿತು. 2013ರ ಜೂನ್‌ನಲ್ಲಿ ಬ್ರಿಟನ್ ವಿಷಾದ ಹೇಳಿ, 5,228 ಜನರಿಗೆ ಒಟ್ಟು 1.99 ಕೋಟಿ ಪೌಂಡ್ ಕೊಡಲು ಒಪ್ಪಿತು.

ಅದಕ್ಕೂ ಮುಂಚೆ ಅರ್ಧ ಶತಮಾನ ಕೆನ್ಯಾದ ಚರಿತ್ರೆ ಬರೆದವರೆಲ್ಲ ಆ ಕಡತ ನೋಡದೆಯೇ ಬರೆದವರು. ಅವರದ್ದು ತಪ್ಪು ಅಂತಲ್ಲ, ಕದ್ದಿಟ್ಟಿದ್ದು ಕಾಣುವುದು ಹೇಗೆ? ಆದರೆ ದಾಖಲೆಯಲ್ಲಿ ಇಲ್ಲ ಅಂದಮಾತ್ರಕ್ಕೆ ನಡೆದೇ ಇಲ್ಲ ಅಂತ ಬರೆಯುವ ಧೈರ್ಯ ಈಗ ಯಾರಿಗೂ ಇಲ್ಲ. ಇದರಿಂದ ಒಂದು ವ್ಯಾವಹಾರಿಕ ತೊಡಕೂ ಇದೆ. ಕೆನ್ಯಾದ ಸಂಶೋಧಕ ತನ್ನ ದೇಶದ ಎಷ್ಟೋ ಮೂಲ ಕಾಗದ ನೋಡಲು ಈಗಲೂ ಲಂಡನ್‌ನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಸೆನೆಗಲ್, ಅಲ್ಜೀರಿಯಾದಂಥ ಹಳೆಯ ಫ್ರೆಂಚ್ ವಸಾಹತುಗಳವರು ಎಷ್ಟೋ ಕಾಗದಗಳಿಗೆ ಫ್ರಾನ್ಸಿನ ಎಕ್ಸ್-ಆನ್-ಪ್ರೊವೆನ್ಸ್‌ಗೆ ಹೋಗಬೇಕು. ಅದಕ್ಕೆ ವೀಸಾ ಬೇಕು, ದುಡ್ಡು ಬೇಕು.

ಈ ಓದಿಗೂ ತನ್ನದೇ ಚರಿತ್ರೆ ಇದೆ, ಅದು ಅಷ್ಟೇನೂ ಹೆಮ್ಮೆಯದ್ದಲ್ಲ. ಲಂಡನ್‌ನ ಸೋಆಸ್ (ಸ್ಕೂಲ್ ಆಫ್ ಓರಿಯೆಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್) 1916ರಲ್ಲಿ ಶುರುವಾದದ್ದು ಪೂರ್ವದೇಶಗಳ ಅಧ್ಯಯನಕ್ಕೆ. ಹೆಸರಿಗೆ ಆಫ್ರಿಕಾ ಸೇರಿದ್ದು 1938ರಲ್ಲಿ. ವಸಾಹತುಗಳಿಗೆ ಹೊರಟ ಅಧಿಕಾರಿಗಳಿಗೆ ಭಾಷೆ, ರೀತಿ ರಿವಾಜು ಕಲಿಸುವುದು ಅದರ ಕೆಲಸಗಳಲ್ಲಿ ಒಂದು. ಅಮೆರಿಕದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 1948ರಲ್ಲಿ ಮೆಲ್ವಿಲ್ ಹರ್ಸ್ಕೊವಿಟ್ಸ್ ನೇತೃತ್ವದಲ್ಲಿ ಕೋರ್ಸ್ ತೆರೆಯಿತು. ಆಮೇಲೆ ಶೀತಲ ಸಮರದ ಹಣ ಹರಿದುಬಂತು.

ಆಫ್ರಿಕಾದವರೇ ಲಗಾಮು ಹಿಡಿದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ನೈಜೀರಿಯಾದ ಇಬಾದಾನ್‌ನಲ್ಲಿ ಕೆನೆತ್ ಡಿಕೆ ಮತ್ತು ಅವರ ಶಿಷ್ಯರು ಗವರ್ನರ್‌ಗಳ ಕಥೆ ಬಿಟ್ಟು ಆಫ್ರಿಕನ್ನರನ್ನು ಮಧ್ಯಕ್ಕಿಟ್ಟು ಬರೆದರು. ಡಿಕೆ ಬರೀ ಬರೆಯಲಿಲ್ಲ, ದೇಶದ ರಾಷ್ಟ್ರೀಯ ಪತ್ರಾಗಾರವನ್ನೂ ಕಟ್ಟಿದರು. ಘಾನಾದ ಲೆಗೋನ್‌ನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಆಫ್ರಿಕನ್ ಸ್ಟಡೀಸ್ ತೆರೆಯಿತು, 1963ರಲ್ಲಿ ಅಧಿಕೃತವಾಗಿ ಉದ್ಘಾಟಿಸಿದವರು ಅಧ್ಯಕ್ಷ ಕ್ವಾಮೆ ಎನ್ಕ್ರುಮಾ. 1968ರಲ್ಲಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಮತ್ತು ಇಬ್ಬರು ಗೆಳೆಯರು ಇಂಗ್ಲಿಷ್ ವಿಭಾಗವನ್ನೇ ಮುಚ್ಚಿ, ಆಫ್ರಿಕಾದ ಸಾಹಿತ್ಯವನ್ನು ಮಧ್ಯಕ್ಕೆ ತನ್ನಿ ಅಂತ ಕೇಳಿದರು. 1973ರಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ಕೊಡೆಸ್ರಿಯಾ ಹುಟ್ಟಿತು, ಖಂಡದ ಸಮಾಜವಿಜ್ಞಾನಿಗಳ ಒಕ್ಕೂಟ. ಯುನೆಸ್ಕೊ ಆಫ್ರಿಕಾದ ಚರಿತ್ರೆಯನ್ನು ಎಂಟು ಸಂಪುಟಗಳಲ್ಲಿ ತಂದಿತು, ಅದರ ಸಂಪಾದಕರು ಆಫ್ರಿಕಾದ ವಿದ್ವಾಂಸರೇ.

ಜಗಳ ಅಲ್ಲಿಗೇ ಮುಗಿಯಲಿಲ್ಲ. ಮುಂಬೈಯಲ್ಲಿ ಹುಟ್ಟಿ ಕಂಪಾಲಾದಲ್ಲಿ ಬೆಳೆದ ಮಹಮೂದ್ ಮಮ್ದಾನಿ 1990ರ ದಶಕದ ಕೊನೆಗೆ ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು. ಹೊಸ ವಿದ್ಯಾರ್ಥಿಗಳಿಗೆ ಆಫ್ರಿಕಾ ಕುರಿತ ಅಡಿಪಾಯದ ಕೋರ್ಸ್ ಮಾಡಿಕೊಡಿ ಅಂತ ಅವರಿಗೆ ಹೇಳಿದರು. ಅವರು ಮಾಡಿದ ಸಿಲಬಸ್ಸನ್ನು ವಿಶ್ವವಿದ್ಯಾಲಯದವರು ಪಕ್ಕಕ್ಕಿಟ್ಟು ಬೇರೆಯದನ್ನು ತಂದರು. ಮಮ್ದಾನಿ ಸುಮ್ಮನಿರಲಿಲ್ಲ. ನಿಮ್ಮ ಕೋರ್ಸ್‌ನಲ್ಲಿ ಆಫ್ರಿಕಾ ಅಂದರೆ ಸಹಾರಾದ ಕೆಳಗೆ, ದಕ್ಷಿಣ ಆಫ್ರಿಕಾದ ಮೇಲೆ ಇರುವ ತುಂಡು ಮಾತ್ರ. ಆ ಖಂಡದ ಮೇಲೇ ಇರುವ ನೀವು ಅದರೊಳಗೆ ಸೇರುವುದಿಲ್ಲವೇ? ಓದಲು ಕೊಟ್ಟ ಪುಸ್ತಕಗಳಲ್ಲಿ ಆಫ್ರಿಕಾದ ವಿದ್ವಾಂಸರು ಎಲ್ಲಿ? ಇದು ಅವರ ತಕರಾರಿನ ತಿರುಳು. 2015ರಲ್ಲಿ ಅದೇ ಕ್ಯಾಂಪಸ್‌ನಿಂದ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್ ಪ್ರತಿಮೆ ತೆಗೆಸಿದ ವಿದ್ಯಾರ್ಥಿಗಳು ಸಿಲಬಸ್ಸಿನ ಪ್ರಶ್ನೆಯನ್ನೂ ಎತ್ತಿದರು. ಯಾವುದೇ ಕೋರ್ಸ್‌ಗೆ ಸೇರುವ ಮುಂಚೆ ಅದರ ರೀಡಿಂಗ್ ಲಿಸ್ಟ್ ತರಿಸಿಕೊಂಡು, ಬರೆದವರಲ್ಲಿ ಎಷ್ಟು ಜನ ಆಫ್ರಿಕಾದಲ್ಲಿದ್ದು ಕೆಲಸ ಮಾಡಿದವರು ಅಂತ ನೋಡಿ. ಬ್ರೋಷರ್‌ಗಿಂತ ಜಾಸ್ತಿ ವಿಷಯ ಅದರಲ್ಲೇ ತಿಳಿಯುತ್ತದೆ.

ಭಾರತದಲ್ಲಿ ಈ ಓದಿಗೆ ಹಳೆಯ ಮನೆ ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಸ್ಟಡೀಸ್ ವಿಭಾಗ. ನೆಹರೂ ಕಾಲದಲ್ಲಿ, 1955ರಲ್ಲಿ ಶುರುವಾಯಿತು. ಮುಂಬೈ ವಿಶ್ವವಿದ್ಯಾಲಯದ ಕೇಂದ್ರ 1971ರದ್ದು. ಜೆಎನ್‌ಯುನಲ್ಲಿ ಪಶ್ಚಿಮ ಏಷ್ಯಾದ ಜೊತೆ ಒಂದೇ ಕೇಂದ್ರದಲ್ಲಿದ್ದ ಆಫ್ರಿಕಾ ಆಮೇಲೆ ಬೇರೆಯಾಯಿತು. ಇಲ್ಲೆಲ್ಲ ವಿದೇಶಾಂಗ ನೀತಿ, ಭಾರತ ಮತ್ತು ಆಫ್ರಿಕಾ ಸಂಬಂಧ, ವ್ಯಾಪಾರ, ಶಾಂತಿಪಾಲನೆ ಇಂಥ ವಿಷಯಗಳ ಕಡೆ ಒಲವು ಜಾಸ್ತಿ. ತಪ್ಪೇನಿಲ್ಲ. ಆದರೆ ದೆಹಲಿಯಲ್ಲಿ ಕುಳಿತು ಶೃಂಗಸಭೆಗಳ ಘೋಷಣೆ ಓದಿ ಬರೆದ ಥೀಸಿಸ್ ಆಫ್ರಿಕಾದ ಬಗ್ಗೆ ಅಲ್ಲ, ದೆಹಲಿಯ ಬಗ್ಗೆ ಅಂತ ನನ್ನ ಅನಿಸಿಕೆ.

ನಮ್ಮವರಿಗೆ ನಿಜವಾದ ಅನುಕೂಲ ಬೇರೆ ಕಡೆ ಇದೆ, ಸಮುದ್ರದ ಕಾಗದಗಳಲ್ಲಿ. ಮೊಜಾಂಬಿಕ್‌ನ ಆಡಳಿತ 1752ರವರೆಗೆ ಗೋವಾದಿಂದ ನಡೆಯುತ್ತಿತ್ತು, ಆ ಕಾಲದ ಪೋರ್ಚುಗೀಸ್ ದಾಖಲೆಗಳು ಪಣಜಿಯ ಪತ್ರಾಗಾರದಲ್ಲಿವೆ. 1841ರಿಂದ ಕೆಲವು ದಶಕ ಜಾಂಜಿಬಾರ್‌ನ ಬ್ರಿಟಿಷ್ ಪ್ರತಿನಿಧಿ ಮುಂಬೈ ಸರ್ಕಾರಕ್ಕೆ ಪತ್ರ ಬರೆಯುತ್ತಿದ್ದ. ಆದ್ದರಿಂದ ಪೂರ್ವ ಆಫ್ರಿಕಾದ ಚರಿತ್ರೆಯ ಒಂದು ಭಾಗ ಮುಂಬೈನ ಪತ್ರಾಗಾರದಲ್ಲಿದೆ. ಧಾರವಾಡದಿಂದ ಪಣಜಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಪೋರ್ಚುಗೀಸ್ ಕಲಿತಿರಬೇಕು ಅಷ್ಟೇ, ಜೊತೆಗೆ ಹಳೆಯ ಕೈಬರಹ ಓದುವ ತಾಳ್ಮೆ.

ಇನ್ನು ಆಫ್ರಿಕಾ ಮೂಲದ, ಉತ್ತರ ಕನ್ನಡದ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿರುವ ಇವರ ಪೂರ್ವಿಕರಲ್ಲಿ ಅನೇಕರು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಎಲ್ಲ ಆಫ್ರಿಕನ್ನರೂ ಹೀಗೆಯೇ ಬಂದವರಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿದ ಮಲಿಕ್ ಅಂಬರ್ ಅಹಮದ್‌ನಗರವನ್ನು ಆಳಿ 1626ರಲ್ಲಿ ತೀರಿಕೊಂಡ. ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಪ್ರಬಲ ಮಂತ್ರಿಯಾಗಿದ್ದ. ಓದಲು ಬೇಕಾದಷ್ಟಿದೆ. ಆದರೆ ಸಿದ್ದಿಗಳ ಹಟ್ಟಿಗೆ ಹೋಗಿ 'ನೀವು ಆಫ್ರಿಕಾದ ಯಾವ ಊರಿನವರು?' ಅಂತ ಶುರುಮಾಡುವ ಸಂಶೋಧಕರನ್ನು ಅವರು ಎಷ್ಟೋ ಜನ ನೋಡಿಯಾಗಿದೆ. ಅವರ ಊರು ಯಲ್ಲಾಪುರ. ಕೇಳುವುದಾದರೆ ಜಮೀನಿನ ಪಟ್ಟಾ, ಶಾಲೆ, ಅರಣ್ಯ ಇಲಾಖೆ, ಅಜ್ಜಿ ಹೊಲಿದ ಕೌದಿ ಇವುಗಳ ಬಗ್ಗೆ ಕೇಳಬಹುದು. ಆಫ್ರಿಕಾ ಬರುವುದಿದ್ದರೆ ಆ ಮಾತಿನಲ್ಲೇ ಬರುತ್ತದೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್: ವಿಶ್ವವಿದ್ಯಾಲಯಕ್ಕಿಂತ ಮುಂಚೆ ಭಾಷೆ ಆರಿಸಿ. ಪೂರ್ವ ಆಫ್ರಿಕಾಕ್ಕೆ ಸ್ವಾಹಿಲಿ, ಸೆನೆಗಲ್ ಅಥವಾ ಮಾಲಿಗೆ ಫ್ರೆಂಚ್ ಜೊತೆಗೆ ಒಂದು ಸ್ಥಳೀಯ ಭಾಷೆ, ಇಥಿಯೋಪಿಯಾಕ್ಕೆ ಅಮ್ಹಾರಿಕ್. ಇಂಗ್ಲಿಷ್ ಒಂದರಲ್ಲೇ ನಡೆಯುತ್ತದೆ ಅನ್ನುವವರಿಗೆ ಅಧಿಕಾರಿಗಳು, ಎನ್‌ಜಿಒಗಳು, ಪ್ರೊಫೆಸರ್‌ಗಳು ಸಿಗುತ್ತಾರೆ. ಮಾರುಕಟ್ಟೆಯ ಹೆಂಗಸು ಸಿಗುವುದಿಲ್ಲ. ಸ್ವಾಹಿಲಿಯಲ್ಲಿ ಯಾರು, ಯಾವಾಗ, ಯಾರಿಗೆ ಅನ್ನುವುದನ್ನೆಲ್ಲ ಒಂದೇ ಕ್ರಿಯಾಪದಕ್ಕೆ ಮುಂದಿನಿಂದ ಅಂಟಿಸುತ್ತಾ ಹೋಗುತ್ತಾರೆ. ಹಿಂದಿನಿಂದ ಅಂಟಿಸಿ ರೂಢಿಯಿರುವ ಕನ್ನಡಿಗರಿಗೆ ಇದು ಹೊಸತು, ಆದರೆ ಭಯಪಡುವಂಥದ್ದಲ್ಲ. ಆಫ್ರಿಕಾದಲ್ಲಿ ಬರವಣಿಗೆಯೇ ಇರಲಿಲ್ಲ ಅನ್ನುವ ಮಾತೂ ಸುಳ್ಳು. ಹೌಸಾ, ವೊಲೊಫ್, ಸ್ವಾಹಿಲಿಯಂಥ ಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ರೂಢಿ ಹಳೆಯದು, ಅದಕ್ಕೆ ಅಜಮಿ ಅನ್ನುತ್ತಾರೆ. ಮಾಲಿಯ ಟಿಂಬಕ್ಟುವಿನಲ್ಲಿ ಎಷ್ಟೋ ಮನೆಗಳಲ್ಲಿ ಹಸ್ತಪ್ರತಿ ಪೆಟ್ಟಿಗೆಗಳಿದ್ದವು. 2012ರಲ್ಲಿ ಉಗ್ರರು ಊರು ಹಿಡಿದಾಗ ಅಲ್ಲಿನ ಜನ ಅವನ್ನು ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿ ಉಳಿಸಿದರು. ಇವನ್ನು ಓದಬಲ್ಲವರು ಇವತ್ತಿಗೂ ಕಮ್ಮಿ.

ಫೀಲ್ಡ್‌ವರ್ಕ್‌ಗೆ ಟಿಕೆಟ್ ತೆಗೆದುಕೊಂಡು ಹೊರಟರೆ ಆಗುವುದಿಲ್ಲ. ಸಂಶೋಧನೆಗೆ ಪರವಾನಗಿ ಕೊಡಲು ಕೆನ್ಯಾದಲ್ಲಿ ನಕೋಸ್ಟಿ, ಟಾಂಜಾನಿಯಾದಲ್ಲಿ ಕಾಸ್ಟೆಕ್ ಎಂಬ ಸಂಸ್ಥೆಗಳಿವೆ, ಉಗಾಂಡಾದಲ್ಲಿ ರಾಷ್ಟ್ರೀಯ ವಿಜ್ಞಾನ ಮಂಡಳಿ. ಕೆನ್ಯಾದಲ್ಲಿ ವಿದೇಶಿಯರಿಗೆ ಸ್ಥಳೀಯ ಸಂಸ್ಥೆಯ ಜೊತೆ ನಂಟೂ ಇರಬೇಕು. ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ. ನಿಮ್ಮ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ಸಹಿ ಮಾಡಿಸಲು ಫಾರಂ ಕೊಡುತ್ತದೆ. ಸರ್ಕಾರದ ಕಾಗದಕ್ಕೆ ಹೆದರಿ ಬದುಕಿದ ಊರುಗಳಲ್ಲಿ ಆ ಫಾರಂ ತೆಗೆದ ಕೂಡಲೇ ಮಾತು ನಿಂತುಹೋಗುತ್ತದೆ. ಆಗ ಮಾತಿನಲ್ಲೇ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳುವ ದಾರಿ ಇದೆ, ಅದಕ್ಕೂ ಕಮಿಟಿಯಿಂದ ಮೊದಲೇ ಅನುಮತಿ ಬೇಕು. ಜೊತೆಗಿದ್ದು ಅನುವಾದ ಮಾಡಿ, ಯಾರ ಮನೆಗೆ ಯಾವಾಗ ಹೋಗಬೇಕು ಅಂತ ಹೇಳಿಕೊಡುವ ಸಹಾಯಕರ ಹೆಸರು ಎಷ್ಟೋ ಥೀಸಿಸ್‌ಗಳಲ್ಲಿ ಕೃತಜ್ಞತೆಯ ಪುಟ ದಾಟುವುದಿಲ್ಲ. ಅರ್ಧ ಸಂಶೋಧನೆ ಅವರದ್ದೇ ಆಗಿರುತ್ತದೆ.

ಎಲ್ಲಿ ಓದಬೇಕು? ಬ್ರಿಟನ್‌ನಲ್ಲಿ ಎಂಎ ಒಂದೇ ವರ್ಷ, ಫೀ ಭಾರಿ, ಭಾಷೆ ಅಷ್ಟರಲ್ಲಿ ಕೈಗೆ ಹತ್ತುವುದಿಲ್ಲ. ಹಾಲೆಂಡಿನ ಲೈಡನ್‌ನಲ್ಲಿ ಎರಡು ವರ್ಷದ ಸಂಶೋಧನಾ ಎಂಎ ಇದೆ. ಆದರೆ ಲೆಗೋನ್, ಮಕೆರೆರೆ, ನೈರೋಬಿ, ಕೇಪ್ ಟೌನ್ ಕಡೆ ನಮ್ಮ ವಿದ್ಯಾರ್ಥಿಗಳು ತಿರುಗಿಯೂ ನೋಡುವುದಿಲ್ಲ, ಅದೇ ಸೋಜಿಗ. ಮಮ್ದಾನಿ 2010ರಲ್ಲಿ ಕಂಪಾಲಾದ ಮಕೆರೆರೆ ಸಮಾಜ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ದಾನಿಗಳಿಗೆ ವರದಿ ಬರೆದುಕೊಡುವ ಕನ್ಸಲ್ಟೆನ್ಸಿ ಚಾಳಿಯನ್ನು ಟೀಕಿಸಿ, ಕೋರ್ಸ್‌ವರ್ಕ್ ತುಂಬಿದ ಪಿಎಚ್‌ಡಿ ಶುರುಮಾಡಿದರು. ಅಂಥ ಕಡೆ ಕುಳಿತು ಓದಿದರೆ ಪಕ್ಕದ ಬೆಂಚಿನವರೇ ನಿಮ್ಮ ವಾದವನ್ನು ತಿದ್ದುತ್ತಾರೆ.

ಕೆಲಸದ ಮಾತು: 'ಆಫ್ರಿಕಾ ತಜ್ಞರು ಬೇಕಾಗಿದ್ದಾರೆ' ಅಂತ ಜಾಹೀರಾತು ಬರುವುದು ಅಪರೂಪ. ಕಾಲೇಜುಗಳಲ್ಲಿ ಹುದ್ದೆ ಇರುವುದು ಇತಿಹಾಸಕ್ಕೆ, ರಾಜ್ಯಶಾಸ್ತ್ರಕ್ಕೆ. ಹಾಗಾಗಿ ಮೂಲ ಶಾಸ್ತ್ರದ ಡಿಗ್ರಿ ಗಟ್ಟಿಯಾಗಿರಲಿ. ದೆಹಲಿಯ ಥಿಂಕ್ ಟ್ಯಾಂಕ್‌ಗಳು, ಅಂತರರಾಷ್ಟ್ರೀಯ ಸಂಸ್ಥೆಗಳು, ಆಫ್ರಿಕಾದಲ್ಲಿ ವ್ಯವಹಾರ ಇರುವ ಔಷಧ ಮತ್ತು ಟೆಲಿಕಾಂ ಕಂಪನಿಗಳು, ಪತ್ರಿಕೋದ್ಯಮ ಇಲ್ಲೆಲ್ಲ ಜಾಗ ಇದೆ. ಅಲ್ಲಿ ಡಿಗ್ರಿಗಿಂತ ಭಾಷೆ ಮತ್ತು ಒಂದು ದೇಶದ ಆಳವಾದ ಪರಿಚಯ ಕೆಲಸಕ್ಕೆ ಬರುತ್ತವೆ.

ಪಿಎಚ್‌ಡಿಗೆ ಪ್ರಪೋಸಲ್ ಬರೆಯುವವರು ಮೊದಲ ಪುಟದಲ್ಲೇ ನಾಲ್ಕು ಸಂಗತಿ ಬರೆದುಬಿಡಿ: ಯಾವ ಊರು, ಯಾವ ವರ್ಷದಿಂದ ಯಾವ ವರ್ಷ, ಯಾವ ಭಾಷೆಯ ಆಕರ, ಅವು ಈಗ ಇರುವುದು ಎಲ್ಲಿ. ಸಂದರ್ಶನದಲ್ಲಿ ಸಮಿತಿಯವರು ಥಿಯರಿಯ ಪ್ಯಾರಾಗಳನ್ನು ಬಿಟ್ಟು ಈ ನಾಲ್ಕರ ಮೇಲೇ ಪ್ರಶ್ನೆ ಹಾಕುತ್ತಾರೆ.